ಅಂಗನವಾಡಿ ಮಕ್ಕಳಿಗೆ ಕಪ್ಪೆ ಬಗ್ಗೆ ಹೇಳಿಕೊಡೋದು ಹೇಗೆ? ಆಟಗಳಿದ್ದರೆ ತಿಳಿಸಿ

ಪ್ರಶ್ನೆ: ಗಂಗಾವತಿ ಕಡೆಯ ಅಂಗನವಾಡಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಊರ ಪಕ್ಕದಲ್ಲೇ ತುಂಗಭದ್ರಾ ಎಡದಂಡೆ ಕಾಲುವೆ ಹೋಗುತ್ತದೆ. ಸುತ್ತಮುತ್ತ ಎಲ್ಲಾ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟು, ಮೇಲೆ ಒಂದೆರಡು ಒಳ್ಳೆ ಮಳೆ ಬಿದ್ದರೆ ಸಾಕು, ಕಪ್ಪೆಗಳು ನಮ್ಮ ಕೇಂದ್ರದ ಅಂಗಳಕ್ಕೇ ಬಂದು ಕೂರುತ್ತವೆ. ಕೈ ತೊಳೆಯುವ ಕಟ್ಟೆ ಹತ್ತಿರ, ಬಕೀಟಿನ ಹಿಂದೆ, ಒಮ್ಮೊಮ್ಮೆ ಮಕ್ಕಳ ಚಪ್ಪಲಿ ಒಳಗೆ.

ನಮ್ಮ ಮಕ್ಕಳು ಮೂರರಿಂದ ಆರು ವರ್ಷದವರು. ಕಪ್ಪೆ ಕಂಡರೆ ಅರ್ಧ ಮಕ್ಕಳು ಚೀರಿಕೊಂಡು ಓಡುತ್ತಾರೆ, ಉಳಿದವರು ಕಲ್ಲು ಹುಡುಕುತ್ತಾರೆ. ಮುಟ್ಟಿದರೆ ನರಹುಲಿ ಏಳುತ್ತದೆ ಅಂತ ತಾಯಂದಿರು ಹೆದರಿಸಿದ್ದಾರೆ. ಗೋಡೆ ಮೇಲೆ ಒಂದು ಚಾರ್ಟ್ ಇದೆ. ಅದರಲ್ಲಿ ತಾವರೆ ಎಲೆ ಮೇಲೆ ಗಿಳಿಹಸಿರು ಬಣ್ಣದ ಕಪ್ಪೆ ಕೂತಿದೆ. ಒಬ್ಬ ಹುಡುಗ ಅದನ್ನೇ ನೋಡಿ, "ಟೀಚರ್, ಇದು ನಮ್ಮೂರ ಕಪ್ಪೆ ಅಲ್ಲ" ಅಂದ. ಅವನು ಹೇಳಿದ್ದು ಸರಿ ಅಲ್ವಾ? ನಮ್ಮಲ್ಲಿ ಇರೋದೆಲ್ಲ ಮಣ್ಣಿನ ಬಣ್ಣದವು.

ಒಂದು ವಾರ ಪೂರ್ತಿ ಕಪ್ಪೆ ಬಗ್ಗೆಯೇ ಆಟ, ಹಾಡು, ಕೈಕೆಲಸ ಮಾಡಿಸಬೇಕು ಅಂತ ಆಸೆ. ದುಡ್ಡು ಖರ್ಚಾಗಬಾರದು, ಮನೆಯಲ್ಲಿ ಸಿಗುವ ಸಾಮಾನು ಸಾಕಾಗಬೇಕು. ಸುಮ್ನೆ ಕುಣಿದಾಡಿಸಿ ಬಿಡೋದಲ್ಲ, ಮಕ್ಕಳಿಗೆ ನಿಜವಾದ ವಿಷಯ ಗೊತ್ತಾಗಬೇಕು. ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ: ಸಿಂಧನೂರು ಮಾಸ್ತರ

ಅಕ್ಕೋರೆ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ನಲಿ-ಕಲಿ ಮಕ್ಕಳಿಗೆ ಕಲಿಸಿ ನಿವೃತ್ತನಾದವನು. ಕಪ್ಪೆ ಪಾಠಕ್ಕೆ ನಿಮ್ಮ ಅಂಗಳಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಮೊದಲು ಒಂದು ಮಾತು. ಕಪ್ಪೆ ಹಿಡಿದು ತಂದು ಡಬ್ಬಿಯಲ್ಲಿಟ್ಟು ಮಕ್ಕಳಿಗೆ ತೋರಿಸಬೇಡಿ. ಮಕ್ಕಳನ್ನೇ ಕಪ್ಪೆ ಮಾಡಿ. ಕಪ್ಪೆಯ ಮೈ ಹೇಗೆ ಕೆಲಸ ಮಾಡುತ್ತದೋ ಅದನ್ನು ಮಗು ತನ್ನ ಮೈಯಲ್ಲೇ ಆಡಿ ನೋಡಲಿ. ಹಾಗೆ ಆಡಿದ ಮಗುವಿಗೆ ಅಂಗಳದಲ್ಲಿ ನಿಜವಾದ ಕಪ್ಪೆ ಕಂಡರೆ ಕೈ ಕಲ್ಲಿಗೆ ಹೋಗುವುದಿಲ್ಲ. ಅದು ಈಗ ಏನು ಮಾಡುತ್ತದೆ ಅಂತ ಕಾದು ನೋಡುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಣ್ಣಾರೆ ಕಂಡಿದ್ದೇನೆ.

ಕೆರೆ-ದಡ ಆಟ ನಿಮ್ಮ ಮಕ್ಕಳಿಗೆ ಗೊತ್ತೇ ಇರುತ್ತದೆ. ಅಲ್ಲಿಂದಲೇ ಶುರು ಮಾಡಿ. ಸುಣ್ಣದಲ್ಲಿ ದೊಡ್ಡ ಗುಂಡು ಹಾಕಿ, ಒಳಗೆ ಕೆರೆ, ಹೊರಗೆ ದಡ. ಹಳೇ ಸೀರೆಯ ಪಟ್ಟಿ ಹರಿದು ಪ್ರತಿ ಮಗುವಿನ ಸೊಂಟಕ್ಕೆ ಹಿಂದೆ ಬಾಲ ಸಿಕ್ಕಿಸಿ. ಈಗ ಎಲ್ಲರೂ ಗೊದಮೊಟ್ಟೆ. ಎರಡೂ ಕೈ ಮೈಗೆ ಅಂಟಿಕೊಂಡಿರಬೇಕು, ಕಾಲು ಜೋಡಿಸಿರಬೇಕು, ಸೊಂಟ ಅಲ್ಲಾಡಿಸಿಕೊಂಡೇ ಕೆರೆಯೊಳಗೆ ಓಡಾಡಬೇಕು. ನೀವು "ದಡ" ಅಂದರೂ ಯಾರೂ ಹೊರಗೆ ಬರುವ ಹಾಗಿಲ್ಲ. ಯಾಕೆ? ಗೊದಮೊಟ್ಟೆಗೆ ಮೀನಿನ ಹಾಗೆ ಕಿವಿರು ಇರುತ್ತದೆ, ಅದು ನೀರಲ್ಲೇ ಉಸಿರಾಡಬೇಕು. ಬಂದ ಮಗುವಿಗೆ "ಉಸಿರು ಕಟ್ಟುತ್ತದೆ, ಒಳಗೆ ಹೋಗು" ಅಂತ ಹೇಳಿ. ಆಮೇಲೆ "ಹಿಂಗಾಲು ಬಂತು" ಅನ್ನಿ. ಕಾಲು ಬಿಚ್ಚಬಹುದು, ಕೈ ಇನ್ನೂ ಅಂಟಿಕೊಂಡೇ ಇರಬೇಕು. ಸ್ವಲ್ಪ ಹೊತ್ತು ಬಿಟ್ಟು "ಮುಂಗಾಲು ಬಂತು" ಅನ್ನಿ. ಈ ಕ್ರಮ ಅದಲು ಬದಲು ಮಾಡಬೇಡಿ. ಹೊರಗೆ ಮೊದಲು ಕಾಣುವುದು ಹಿಂಗಾಲೇ.

ಕೊನೆಗೆ ಬಾಲ. ಬಹಳ ಮಂದಿ "ಬಾಲ ಉದುರಿ ಹೋಗುತ್ತದೆ" ಅಂತ ಹೇಳಿಕೊಡುತ್ತಾರೆ. ಉದುರುವುದಿಲ್ಲ. ಬಾಲ ದಿನ ದಿನಕ್ಕೆ ಕರಗಿ ಮೈಯೊಳಗೇ ಸೇರುತ್ತದೆ. ಬಾಯಿ, ಹೊಟ್ಟೆ ಎಲ್ಲ ಬದಲಾಗುವ ಆ ದಿನಗಳಲ್ಲಿ ಅದು ಸರಿಯಾಗಿ ತಿನ್ನಲೂ ಆಗುವುದಿಲ್ಲ. ಕರಗಿದ ಬಾಲವೇ ಅದಕ್ಕೆ ಬುತ್ತಿ. ಆದ್ದರಿಂದ ಮಕ್ಕಳು ಪಟ್ಟಿ ಕಿತ್ತು ಬಿಸಾಡಬಾರದು. ನೀವು ಒಂದೊಂದು ಚಪ್ಪಾಳೆ ತಟ್ಟಿದಾಗ ಇಷ್ಟಿಷ್ಟೇ ಸೊಂಟದೊಳಗೆ ತುರುಕಿಕೊಳ್ಳಬೇಕು. ಪೂರ್ತಿ ಒಳಗೆ ಹೋದವರು ಕಪ್ಪೆ ಆದರು. ಇನ್ನು ಅವರಿಗೆ ಕೆರೆಯೂ ಸರಿ, ದಡವೂ ಸರಿ. ಆಗ ನಿಜವಾದ ಕೆರೆ-ದಡ ಜೋರಾಗಿ ಆಡಿಸಿ.

ಇದೇ ವಿಷಯವನ್ನು ಮರುದಿನ ಮಣ್ಣಿನಲ್ಲಿ ಮಾಡಿಸಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳು ಅವು, ಎರೆಮಣ್ಣು ಹದ ಮಾಡೋದು ಹೇಳಿಕೊಡಬೇಕಿಲ್ಲ. ಒಂದೇ ಉಂಡೆ ಮಣ್ಣು ಕೊಡಿ. ಅದರಲ್ಲೇ ಗೊದಮೊಟ್ಟೆ ಮಾಡಿ, ಆಮೇಲೆ ಬಾಲದ ಮಣ್ಣನ್ನೇ ತಟ್ಟಿ ತಟ್ಟಿ ಮೈಗೆ ಸೇರಿಸಿ ಕಪ್ಪೆ ಮಾಡಬೇಕು. ಬೇರೆ ಮಣ್ಣು ಕೇಳಿದರೆ ಕೊಡಬೇಡಿ.

ಮೊಟ್ಟೆ ತೋರಿಸಲು ಕಾಮಕಸ್ತೂರಿ ಬೀಜ ತನ್ನಿ, ಬೇಸಿಗೆ ಶರಬತ್ತಿಗೆ ಹಾಕುತ್ತೇವಲ್ಲ ಅದೇ. ಒಂದು ಚಮಚ ಸಾಕು. ಮಕ್ಕಳ ಮುಂದೆಯೇ ಗಾಜಿನ ಲೋಟದ ನೀರಿಗೆ ಹಾಕಿ ಕಾಯಿರಿ. ಒಣಗಿದ ಕರೀ ಬೀಜದ ಸುತ್ತ ತೆಳ್ಳಗೆ ಬೂದು ಬಣ್ಣದ ಪೊರೆ ಏಳುತ್ತದೆ, ನೋಡ ನೋಡುತ್ತಲೇ ಅದು ದಪ್ಪ ಲೋಳೆಯಾಗುತ್ತದೆ, ನಡುವೆ ಕರೀ ಚುಕ್ಕೆ ಉಳಿಯುತ್ತದೆ. ಕಪ್ಪೆಯ ಮೊಟ್ಟೆಯೂ ನೀರಿಗೆ ಬಿದ್ದ ಮೇಲೆ ಅದರ ಲೋಳೆ ನೀರು ಹೀರಿಯೇ ಉಬ್ಬುವುದು. ಚಮಚದಲ್ಲಿ ಎತ್ತಿದರೆ ಜಾರುತ್ತದೆ. ಒಂದು ಮಗು ಬೆರಳಲ್ಲಿ ಹಿಡಿಯಲು ನೋಡಿ, ಆಗದೆ, "ಹಾವು ತಿನ್ನೋಕೂ ಆಗಲ್ಲ ಸರ್" ಅಂದಿತ್ತು. ಆ ಲೋಳೆ ಮೊಟ್ಟೆಗೆ ಕಾವಲು ಅನ್ನುವುದು ಅದಕ್ಕೆ ತಾನೇ ಹೊಳೆಯಿತು. ನೆಲಗಪ್ಪೆ ಮಾತ್ರ ಮೊಟ್ಟೆಯನ್ನು ಉದ್ದ ಸರದ ಹಾಗೆ ಇಡುತ್ತದೆ. ಅದಕ್ಕೆ ದಾರಕ್ಕೆ ಮೈದಾ ಅಂಟು ಹಚ್ಚಿ ಸಾಸಿವೆ ಕೂರಿಸಿದರೆ ಆಯಿತು.

ಆಹಾರದ ಪಾಠಕ್ಕೆ ಸ್ಟ್ಯಾಚು ಆಟ. ಕಪ್ಪೆ ಹಿಡಿಯುವುದು ಹೆಚ್ಚಾಗಿ ಅಲುಗಾಡುವ ಹುಳವನ್ನು. ಕಣ್ಣೆದುರೇ ಕದಲದೆ ಕೂತ ಹುಳವನ್ನು ಬಿಟ್ಟುಬಿಡುತ್ತದೆ. ಒಬ್ಬ ಕಪ್ಪೆ, ಉಳಿದವರು ಹುಳ. ಅಲುಗಿದವರು ಹೊಟ್ಟೆಗೆ. ನಾಲಿಗೆ ತೋರಿಸಲು ಜಾತ್ರೆಯಲ್ಲಿ ಸಿಗುವ, ಊದಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಪೀಪಿ ಇದ್ದರೆ ಚೆನ್ನ. ನಮ್ಮ ನಾಲಿಗೆ ಹಿಂದೆ ಕಟ್ಟಿಕೊಂಡಿದೆ, ಕಪ್ಪೆಯದು ಬಾಯಿಯ ಮುಂಭಾಗಕ್ಕೆ ಕಟ್ಟಿಕೊಂಡಿದೆ, ಅದಕ್ಕೇ ಹೊರಗೆ ಮಗುಚಿ ಬೀಳುತ್ತದೆ.

ಎಲ್ಲಕ್ಕಿಂತ ಚೆಂದದ್ದು ಕೂಗಿನ ಆಟ. ಕೂಗುವುದು ಗಂಡು ಕಪ್ಪೆ. ಹೆಣ್ಣು ಕತ್ತಲಲ್ಲಿ ಅಷ್ಟು ಗದ್ದಲದ ನಡುವೆ ತನ್ನ ಜಾತಿಯ ಕೂಗನ್ನೇ ಗುರುತು ಹಿಡಿದು ಹೋಗುತ್ತದೆ. ಮಕ್ಕಳನ್ನು ಮೂರು ಗುಂಪು ಮಾಡಿ. ಒಂದು ಗುಂಪು ದಪ್ಪ ದನಿಯಲ್ಲಿ "ವಟರ್ ವಟರ್", ಇನ್ನೊಂದು ನೆಲಗಪ್ಪೆಯ ಹಾಗೆ ಉಸಿರು ಇರುವವರೆಗೂ "ಕರ್ರ್ರ್", ಮತ್ತೊಂದು ಸಣ್ಣ ಕಪ್ಪೆಯ ಹಾಗೆ ಚೂಪಾಗಿ "ಟ್ರಿಕ್ ಟ್ರಿಕ್". ಒಂದು ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಇಂಥ ಕೂಗಿನ ಹತ್ತಿರ ಹೋಗು ಅಂತ ಕಿವಿಯಲ್ಲಿ ಹೇಳಿ ಬಿಡಿ. ಮೂರೂ ಗುಂಪು ಒಟ್ಟಿಗೆ ಕೂಗಬೇಕು. ಗದ್ದಲವೋ ಗದ್ದಲ! ಆದರೆ ಆ ಮಗು ಕತ್ತು ಓರೆ ಮಾಡಿ, ಒಂದೊಂದೇ ಹೆಜ್ಜೆ ಇಟ್ಟು, ತಪ್ಪದೆ ಹೋಗಿ ಸೇರುತ್ತದೆ. ಅದನ್ನು ನೀವು ನೋಡಬೇಕು. ಅಂಗೈಯಷ್ಟೂ ಇಲ್ಲದ ಕಪ್ಪೆ ಓಣಿಗೆಲ್ಲ ಕೇಳಿಸುವ ಹಾಗೆ ಹೇಗೆ ಕೂಗುತ್ತದೆ ಅಂತ ಕೇಳುತ್ತಾರೆ. ಗಂಟಲ ಚೀಲ ಉಬ್ಬಿಸಿ ಅಂತ ಹೇಳಿ, ಬಲೂನು ಊದಿ ತೋರಿಸಿ.

ಮರಳು ರಾಶಿ ಇದ್ದರೆ ಇನ್ನೊಂದು ಆಟ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ನೆಲದೊಳಗೆ ಹೂತುಕೊಂಡು ಮಳೆಗೆ ಹೊರಬರುವ ಕಪ್ಪೆಗಳಿವೆ. ಅವುಗಳ ಹಿಂಗಾಲ ಅಡಿಯಲ್ಲಿ ಗಟ್ಟಿ ಗುಬಟು ಇರುತ್ತದೆ, ಅದರಿಂದ ಮಣ್ಣು ಸರಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ಇಳಿಯುತ್ತವೆ. ಮಕ್ಕಳು ಮರಳಲ್ಲಿ ಕೂತು ಹಿಮ್ಮಡಿಯಿಂದ ತಳ್ಳಿಕೊಂಡು ಹಿಂದಕ್ಕೆ ಹೋಗಲಿ. ಮನೆಗೆ ಬಟ್ಟೆ ತುಂಬಾ ಮರಳು ಹೋಗುತ್ತದೆ, ತಾಯಂದಿರಿಗೆ ಮೊದಲೇ ಹೇಳಿಡಿ.

ಆ ಚಾರ್ಟ್ ವಿಷಯ. ಆ ಹುಡುಗನನ್ನು ಎಲ್ಲರ ಮುಂದೆ ಮೆಚ್ಚಿಕೊಳ್ಳಿ. ಆಮೇಲೆ ಮಕ್ಕಳ ಕೈಗೆ ನಿಮ್ಮೂರ ಮಣ್ಣನ್ನೇ ನೀರಲ್ಲಿ ಕಲಸಿ ಬಣ್ಣ ಅಂತ ಕೊಡಿ. ಎರೆಮಣ್ಣು, ಮಸಾರಿ ಮಣ್ಣು ಎರಡೂ ಇರಲಿ. ಮಣ್ಣಿನ ಬಣ್ಣದ ಕಪ್ಪೆ ಬರೆದು ಕತ್ತರಿಸಿ ಅಂಗಳದ ನೆಲದ ಮೇಲೆ ಬಿಡಿ, ಜೊತೆಗೆ ಒಂದು ಹಸಿರು ಕಪ್ಪೆ ಬಿಡಿ. ಯಾವುದು ಬೇಗ ಕಾಣುತ್ತದೆ ಅಂತ ಹುಡುಕಿಸಿ. ಕೊಕ್ಕರೆ ಕಣ್ಣಿಗೆ ಯಾವುದು ಮೊದಲು ಬೀಳುತ್ತದೆ ಅನ್ನುವುದನ್ನು ಅವರೇ ಹೇಳುತ್ತಾರೆ.

ಮಳೆ ಕೈಕೊಟ್ಟಾಗ ಕಪ್ಪೆ ಮದುವೆ ಮಾಡಿಸಿದ ಅಜ್ಜಿಯರು ನಿಮ್ಮೂರಲ್ಲಿ ಇದ್ದರೆ ಒಂದು ದಿನ ಕರೆಸಿ ಕೂರಿಸಿ, ಕಥೆ ಹೇಳಲಿ. ಮೂರು ವರ್ಷದವರನ್ನು ಒಂದು ಕಡೆ ಕೂರಿಸೋದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ಅಂತ ನನಗೂ ಗೊತ್ತು. ಆದರೆ ಅಜ್ಜಿ ಬಾಯಿ ತೆರೆದರೆ ಕೂರುತ್ತಾರೆ.

ಉತ್ತರ: ಬಳ್ಳಾರಿ ನರ್ಸಮ್ಮ

ಅಕ್ಕ, ನರಹುಲಿ ವಿಷಯಕ್ಕೆ ನಾನು ಹೇಳುತ್ತೇನೆ. ನರಹುಲಿ ಬರುವುದು ವೈರಸ್‌ನಿಂದ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು, ಕಪ್ಪೆಗೂ ಅದಕ್ಕೂ ಸಂಬಂಧವೇ ಇಲ್ಲ. ನೆಲಗಪ್ಪೆ ಮೈಮೇಲೆ ಗುಳ್ಳೆ ಇರುವುದರಿಂದ ಜನ ಹಾಗೆ ಅಂದುಕೊಂಡಿದ್ದಾರೆ. ತಾಯಂದಿರ ಸಭೆಯಲ್ಲಿ ಇದನ್ನು ಧೈರ್ಯವಾಗಿ ಹೇಳಿ.

ಆದರೆ ಮುಟ್ಟಬಾರದು ಅನ್ನೋದಕ್ಕೆ ಬೇರೆ ಕಾರಣ ಇದೆ. ನೆಲಗಪ್ಪೆಯ ಕಣ್ಣಿನ ಹಿಂದೆ ಎರಡೂ ಬದಿ ಉದ್ದನೆ ಗಂಟು ಇರುತ್ತದೆ. ಯಾರಾದರೂ ಒತ್ತಿದರೆ, ಪೀಡಿಸಿದರೆ ಅಲ್ಲಿಂದ ಹಾಲಿನಂಥ ರಸ ಬರುತ್ತದೆ. ಅದು ವಿಷ. ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ, ಬಾಯಿಗೆ ಇಟ್ಟುಕೊಂಡರೆ ಉರಿ ಶುರುವಾಗುತ್ತದೆ. ಅಂಥ ಸಮಯದಲ್ಲಿ ಸುಮಾರು ಹೊತ್ತು ಶುದ್ಧ ನೀರಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ತೋರಿಸಿ. ಸಣ್ಣ ಮಕ್ಕಳು ಕೈ ಬಾಯಿಗೆ ಹಾಕೋದು ಜಾಸ್ತಿ, ಅದಕ್ಕೇ "ಕಣ್ಣಲ್ಲಿ ನೋಡು, ಕೈ ಹಿಂದೆ ಕಟ್ಟು" ಅಂತ ಒಂದೇ ಮಾತು ರೂಢಿ ಮಾಡಿಸಿ. ಮುಟ್ಟಿದರೂ ಮುಟ್ಟದಿದ್ದರೂ ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ನಮ್ಮದು ಬಳ್ಳಾರಿ ಊರೊಳಗೆ ಮನೆ. ಗದ್ದೆ ಇಲ್ಲ, ಕೆರೆ ಇಲ್ಲ. ಆದರೂ ನನ್ನ ಮಗಳು ಕಪ್ಪೆ ನೋಡಿಯೇ ಬೆಳೆಯುತ್ತಿದ್ದಾಳೆ. ಮೊದಲ ಮಳೆ ಬಿದ್ದ ಸಂಜೆ ಬೀದಿ ದೀಪಕ್ಕೆ ಈಸಲು ಹುಳ ಮುತ್ತುತ್ತವಲ್ಲ, ಆಗ ಕಂಬದ ಬುಡಕ್ಕೆ ನೆಲಗಪ್ಪೆಗಳು ಬಂದು ಕೂರುತ್ತವೆ. ಮೆಟ್ಟಿಲ ಮೇಲೆ ಕೂತು ನೋಡುತ್ತೇವೆ. ಕಪ್ಪೆ ಹುಳ ನುಂಗುವಾಗ ಅದರ ಕಣ್ಣು ನೋಡಿದ್ದೀರಾ? ಎರಡೂ ಕಣ್ಣು ಮುಚ್ಚಿ ತಲೆಯೊಳಗೆ ಇಳಿದುಬಿಡುತ್ತವೆ. ಕಣ್ಣ ಗುಡ್ಡೆಯೇ ಒಳಗಿನಿಂದ ಒತ್ತಿ ತುತ್ತನ್ನು ಗಂಟಲಿಗೆ ತಳ್ಳಲು ಸಹಾಯ ಮಾಡುತ್ತದೆ. ಇದು ಗೊತ್ತಾದ ದಿನದಿಂದ ಮಗಳು ಅನ್ನದ ಪ್ರತಿ ತುತ್ತಿಗೂ ಕಣ್ಣು ಗಟ್ಟಿಯಾಗಿ ಮುಚ್ಚಿ ನುಂಗುತ್ತಾಳೆ! ನಿಮ್ಮ ಮಕ್ಕಳಿಗೂ ಮಧ್ಯಾಹ್ನದ ಊಟದಲ್ಲಿ ಇದನ್ನು ಆಡಿಸಬಹುದು. ಊಟ ಬೇಗ ಖಾಲಿಯಾಗುತ್ತದೆ.

ಇನ್ನೊಂದು, ನೀರು ಕುಡಿಯುವುದು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗಿನ ಚರ್ಮದಿಂದ ಹೀರುತ್ತದೆ. ಉಸಿರಾಟವೂ ಒಂದಷ್ಟು ಒದ್ದೆ ಚರ್ಮದಿಂದಲೇ ಆಗುತ್ತದೆ. ಹಳೇ ಹತ್ತಿ ಬಟ್ಟೆಯಲ್ಲಿ ಎರಡು ಕಪ್ಪೆ ಕತ್ತರಿಸಿ ಒದ್ದೆ ಮಾಡಿ. ಒಂದನ್ನು ಬಿಸಿಲಲ್ಲಿ, ಒಂದನ್ನು ನೀರಿನ ಗಡಿಗೆ ಕೆಳಗೆ ಇಡಿ. ಸ್ವಲ್ಪ ಹೊತ್ತಾದ ಮೇಲೆ ಮಕ್ಕಳು ಮುಟ್ಟಿ ನೋಡಲಿ. ಬಕೀಟಿನ ಹಿಂದೆ ಕಪ್ಪೆ ಯಾಕೆ ಕೂರುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಉತ್ತರ: ಕಾರಟಗಿ ಗದ್ದೆಯವನು

ಅಕ್ಕಾರೆ, ನಾನು ಭತ್ತ ಬೆಳೆಯುವವನು. ಮಕ್ಕಳನ್ನು ಗದ್ದೆಗೆ ಕರೆದುಕೊಂಡು ಬರುವುದಾದರೆ ಒಂದೆರಡು ವಿಷಯ ತಿಳಿದಿರಲಿ.

ಕೆನಾಲ್ ಏರಿ ಮೇಲೆ ಮಾತ್ರ ಕರೆದುಕೊಂಡು ಹೋಗಬೇಡಿ. ದೊಡ್ಡವರು ಬಿದ್ದರೂ ಹತ್ತಿ ಬರುವುದು ಕಷ್ಟ, ಅಷ್ಟು ಸೆಳೆತ ಇರುತ್ತದೆ. ರಸ್ತೆ ಪಕ್ಕದ ಗದ್ದೆ ಸಾಕು. ನಾಟಿ ಆದ ಹೊಸದರಲ್ಲಿ ಬನ್ನಿ. ಆಗ ಪೈರು ಸಣ್ಣದು, ನೀರು ಕಾಣುತ್ತದೆ, ಬದುವಿನ ಹತ್ತಿರ ಗೊದಮೊಟ್ಟೆ ಕಾಣಬಹುದು. ಬರುವ ಮೊದಲು ಗದ್ದೆಯವರನ್ನು ಕೇಳಿ, ಔಷಧಿ ಹೊಡೆದಿದ್ದಾರೋ ಏನೋ. ಹೊಡೆದಿದ್ದರೆ ಆ ಕಡೆ ಬರಲೇಬೇಡಿ. ನರ್ಸಮ್ಮನವರು ಹೇಳಿದ ಚರ್ಮದ ವಿಷಯ ಇಲ್ಲಿ ಸೇರಿಸಿಕೊಳ್ಳಿ. ನೀರಲ್ಲಿ ಏನಿದ್ದರೂ ಅದು ಕಪ್ಪೆ ಮೈಗೆ ನೇರ ಇಳಿಯುತ್ತದೆ. ಇದನ್ನು ಮಕ್ಕಳಿಗಿಂತ ನಮ್ಮ ರೈತರಿಗೇ ಮೊದಲು ಹೇಳಿಕೊಡಬೇಕು. ಪೈರು ತಿನ್ನುವ ಹುಳ ಹಿಡಿಯುವ ಪ್ರಾಣಿಯನ್ನು ನಾವೇ ಕೊಂದುಕೊಳ್ಳುತ್ತಿದ್ದೇವೆ ಅಂತ ನನಗೆ ಬಹಳ ಸಂಕಟ.

ಒಳ್ಳೆ ಮಳೆ ಬಿದ್ದ ಮೇಲೆ ದೊಡ್ಡ ಗದ್ದೆ ಕಪ್ಪೆಯ ಗಂಡು ನೋಡಬೇಕು. ಕಂದು ಇದ್ದ ಮೈ ಅಚ್ಚ ಹಳದಿ ಆಗುತ್ತದೆ, ಗಂಟಲ ಎರಡೂ ಪಕ್ಕ ನೀಲಿ ಚೀಲ. ಮಾಸ್ತರರು ಮಣ್ಣಿನ ಬಣ್ಣ ಅಂದರು, ಸರಿ. ಆದರೆ ಆ ಸಮಯದಲ್ಲಿ ಇವುಗಳಿಗೆ ಹಳದಿ, ನೀಲಿ ಬಣ್ಣವೂ ಕೊಡಿ. ಮೊದಲು ನಮ್ಮ ದೇಶದಿಂದ ಕಪ್ಪೆ ಕಾಲು ಹೊರದೇಶಕ್ಕೆ ಹೋಗುತ್ತಿತ್ತು, ಹೆಚ್ಚಾಗಿ ಹಿಡಿಯುತ್ತಿದ್ದುದು ಇಂಥ ದೊಡ್ಡ ಕಪ್ಪೆಗಳನ್ನೇ. 1987ರಲ್ಲಿ ಕೇಂದ್ರ ಸರ್ಕಾರ ಆ ರಫ್ತು ನಿಲ್ಲಿಸಿತು.

ಗೊದಮೊಟ್ಟೆ ನೋಡಬೇಕು ಅಂತಿದ್ದರೆ ಒಂದು ಸ್ಟೀಲ್ ಪರಾತ ತನ್ನಿ. ಅದೇ ಗದ್ದೆ ನೀರಿನ ಜೊತೆ ನಾಲ್ಕೈದನ್ನು ಎತ್ತಿ, ನೆರಳಲ್ಲಿಟ್ಟು ನೋಡಿ, ಅಲ್ಲೇ ವಾಪಸ್ ಬಿಡಿ. ಮನೆಗೆ ಒಯ್ದು ನಲ್ಲಿ ನೀರಿಗೆ ಹಾಕಿದರೆ ಕ್ಲೋರಿನ್‌ಗೆ ಸಾಯುತ್ತವೆ. ಮತ್ತೆ, ಕಪ್ಪೆ ಇದ್ದ ಕಡೆ ಹಾವು ಇರುತ್ತದೆ. ಹುಲ್ಲು, ಕಲ್ಲಿನ ಸಂದಿಗೆ ಯಾರೂ ಕೈ ಹಾಕಬಾರದು. ಮುಂದೆ ಒಬ್ಬರು ದೊಡ್ಡವರು ಕೋಲು ಹಿಡಿದು ನಡೆಯಬೇಕು.

ಕೇಳಿದವರು: ಗಂಗಾವತಿ ಕಡೆಯ ಅಂಗನವಾಡಿ ಅಕ್ಕ

ಗುರುಗಳೇ, ನರ್ಸಮ್ಮ, ಅಣ್ಣಾರೆ, ಎಲ್ಲರಿಗೂ ತುಂಬಾ ಧನ್ಯವಾದ. ಕೆರೆ-ದಡ ಇವತ್ತೇ ಆಡಿಸಿದೆ. ಬಾಲ ತುರುಕಿಕೊಳ್ಳುವಾಗ ನಕ್ಕೂ ನಕ್ಕೂ ಸುಸ್ತಾದರು. ಒಬ್ಬ ಹುಡುಗ ಮಾತ್ರ ಬಾಲ ಬಿಡಲು ಒಪ್ಪಲೇ ಇಲ್ಲ, ಹಾಗೇ ಮನೆಗೆ ಹೋದ. ಕಾಮಕಸ್ತೂರಿ ನಾಳೆಗೆ ಇಟ್ಟುಕೊಂಡಿದ್ದೇನೆ, ಗದ್ದೆಯವರನ್ನೂ ಕೇಳಿದ್ದೇನೆ.

ಒಂದು ಚಿಂತೆ ಇದೆ. ನಾಲ್ಕು ವರ್ಷದ ಒಂದು ಹುಡುಗಿ ಇದ್ದಾಳೆ. ಹಿಂದೊಮ್ಮೆ ಕಪ್ಪೆ ಅವಳ ಪಾದದ ಮೇಲೆ ಹಾರಿತ್ತಂತೆ. ಆಟದಲ್ಲೂ ಸೇರುವುದಿಲ್ಲ. ಬಾಗಿಲ ಹಿಂದೆ ನಿಂತು ಅಳುತ್ತಾಳೆ. ಒತ್ತಾಯ ಮಾಡಲು ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಸಿಂಧನೂರು ಮಾಸ್ತರ

ಒತ್ತಾಯ ಬೇಡವೇ ಬೇಡ ಅಕ್ಕೋರೆ. ಅವಳಿಗೆ ಕಪ್ಪೆ ಆಗುವ ಕೆಲಸ ಕೊಡಬೇಡಿ. ಮಳೆ ಆಗುವ ಕೆಲಸ ಕೊಡಿ.

ಒಂದು ತಗಡಿನ ಡಬ್ಬಿಗೆ ಒಂದು ಹಿಡಿ ಮೆಕ್ಕೆಜೋಳ ಹಾಕಿ ಅವಳ ಕೈಗೆ ಕೊಡಿ. ಬಾಗಿಲ ಹಿಂದೆಯೇ ನಿಲ್ಲಲಿ, ಪರವಾಗಿಲ್ಲ. ಅವಳು ಡಬ್ಬಿ ಅಲ್ಲಾಡಿಸಿದರೆ ಮಳೆ ಬಂತು, ಎಲ್ಲಾ ಕಪ್ಪೆಗಳೂ ಕೂಗಬೇಕು. ನಿಲ್ಲಿಸಿದರೆ ಎಲ್ಲರೂ ಗಪ್‌ಚಿಪ್. ಮೆಲ್ಲಗೆ ಅಲ್ಲಾಡಿಸಿದರೆ ಒಂದೆರಡು ಕಪ್ಪೆ ಮಾತ್ರ ಕೂಗಲಿ, ಜೋರಾದರೆ ಎಲ್ಲರೂ. ನಿಜವಾಗಿಯೂ ಹಾಗೇ ಅಲ್ವಾ, ಮಳೆ ಹೇಳಿದ ಹಾಗೆ ಕಪ್ಪೆ ಕೇಳುತ್ತದೆ. ಅಷ್ಟು ಮಕ್ಕಳು ತನ್ನ ಕೈ ನೋಡುತ್ತಾ ಕಾಯುತ್ತಿದ್ದಾರೆ ಅಂತ ಗೊತ್ತಾದರೆ ಅವಳು ತಾನಾಗಿ ಬಾಗಿಲು ಬಿಟ್ಟು ಹೊಸ್ತಿಲಿಗೆ ಬರುತ್ತಾಳೆ. ಬಂದರೂ ನೀವು ಏನೂ ಹೇಳಬೇಡಿ, ಆಟ ನಡೆಸಿ.

ಕಪ್ಪೆ ಯಾಕೆ ಹಾರಿತು ಅಂತಲೂ ಒಂದು ದಿನ ಅವಳಿಗೆ ಹೇಳಿ. ಕಾಲು ಕಂಡು ಹೆದರಿ ಓಡಿದ್ದು ಅದು, ಅವಳ ಮೇಲೆ ಬರಬೇಕು ಅಂತ ಬಂದಿದ್ದಲ್ಲ. ಇದನ್ನು ಆಟದ ನಡುವೆ ಹೇಳಬೇಡಿ, ತಾಯಿ ಜೊತೆ ಇರುವಾಗ ಹೇಳಿ. ಮತ್ತೆ ಅಂಗಳದಲ್ಲಿ ಕಪ್ಪೆ ಬಂದು ಕೂತಾಗ ಅವಳು ಎಷ್ಟು ದೂರ ನಿಂತು ನೋಡಬೇಕು ಅನ್ನುವುದನ್ನು ಅವಳೇ ಸುಣ್ಣದಲ್ಲಿ ಗೆರೆ ಹಾಕಿ ಹೇಳಲಿ. ಉಳಿದ ಮಕ್ಕಳೂ ಆ ಗೆರೆ ದಾಟಬಾರದು. ಕಪ್ಪೆಗೂ ಅದೇ ಒಳ್ಳೆಯದು.

ಡಬ್ಬಿ ಮುಚ್ಚಳ ಗಟ್ಟಿಯಾಗಿ ಹಾಕಿ, ಮೇಲೆ ಟೇಪ್ ಸುತ್ತಿ. ಮೆಕ್ಕೆಜೋಳದ ಕಾಳು ಸಿಕ್ಕರೆ ಆ ವಯಸ್ಸಿನವರು ಮೂಗಿಗೆ ಹಾಕಿಕೊಳ್ಳುತ್ತಾರೆ.